ಒಂದೇ ಸೀಟಿನ ಮಷೀನು

ಆ ಮಂಗಳವಾರ ನಾವಿಬ್ಬರೂ ಹುಲ್ಲು ಕೊಯ್ಯುತ್ತಿದ್ದೆವು. ನಾವು ಕೆಲಸಕ್ಕಿದ್ದ ಪುಣೆಯ ಲಾನ್ಸಿನಲ್ಲಿ ಗುರುವಾರ ಒಂದು ಮದುವೆಯಿತ್ತು. ಬುಧವಾರ ಮಂಟಪದವರು ಬಂದು ಕಂಬ, ಬಟ್ಟೆ, ಕುರ್ಚಿ ಇಳಿಸಲು ಶುರು ಮಾಡುತ್ತಾರೆ. ಅಷ್ಟರೊಳಗೆ ಹುಲ್ಲು ಒಂದು ಮಟ್ಟಕ್ಕೆ ಬರಬೇಕು. ನಮ್ಮದು ಹಳೆಯ ಕಾಲದ ಉರುಳೆ ಮಷೀನು. ಒಬ್ಬರು ಹಿಂದಿನಿಂದ ಹಿಡಿಕೆ ಹಿಡಿದು ನೂಕಬೇಕು, ಇನ್ನೊಬ್ಬರು ಹಗ್ಗವನ್ನು ಎದೆಗೆ ಹಾಕಿಕೊಂಡು ಮುಂದಿನಿಂದ ಎಳೆಯಬೇಕು. ಹಿಡಿಕೆ ನನ್ನ ಹೆಂಡತಿ ನೀಲವ್ವನದು, ಹಗ್ಗ ನನ್ನದು. ಒಂದು ಸಾಲು ಮುಗಿದ ಕೂಡಲೇ ಅವಳು ಹಿಂದಿನಿಂದ "ಹೊಳ್ರಿ" ಎನ್ನುವಳು. ನಮ್ಮ ಬೈಲಹೊಂಗಲದ ಕಡೆ ಹಾಗೆಂದರೆ ತಿರುಗಿ ಎಂದು. ನಾನು ತಿರುಗುವೆ. ಮುಂದಿನ ಸಾಲು ಶುರು.

ಮಧ್ಯಾಹ್ನ ಬಾದಾಮಿ ಗಿಡದ ನೆರಳಿಗೆ ಕೂತು ರೊಟ್ಟಿ ತಿನ್ನುತ್ತಿದ್ದಾಗ ಮಾಲಕರು ಬಂದರು. ಅವರನ್ನು ಎಲ್ಲರೂ ಬಾಪೂ ಎನ್ನುತ್ತಾರೆ. ನನಗಿಂತ ಹತ್ತು ವರ್ಷ ಚಿಕ್ಕವರು, ಆದರೂ ನಾನು ಕೂಡ ಬಾಪೂ ಎನ್ನುತ್ತೇನೆ. ಅವರ ಕೈಯಲ್ಲಿ ಬಣ್ಣದ ಕಾಗದವಿತ್ತು. ಅದರಲ್ಲಿ ಕೆಂಪು ಬಣ್ಣದ ಒಂದು ಮಷೀನು, ಚಿಕ್ಕ ಟ್ರ್ಯಾಕ್ಟರಿನಂತಹದು. ಅದರ ಮೇಲೆ ಟೋಪಿ ಹಾಕಿದ ಪರದೇಶದವನೊಬ್ಬ ಕೂತು ನಗುತ್ತಿದ್ದ. ಸುತ್ತ ಹಸಿರು ಹುಲ್ಲು. ಇನ್ನು ಮುಂದೆ ನಡೆಯಬೇಕಿಲ್ಲ, ಎಳೆಯಬೇಕಿಲ್ಲ, ಕುರ್ಚಿಯಲ್ಲಿ ಕೂತಂತೆ ಕೂತು ಹುಲ್ಲು ಕೊಯ್ಯಬಹುದು ಎಂದು ಬಾಪೂ ಮರಾಠಿಯಲ್ಲಿ ವಿವರಿಸಿದರು. ನೀಲವ್ವ ಸೆರಗಿಗೆ ಕೈ ಒರೆಸಿಕೊಂಡು ಕಾಗದವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ಇವನ ಹೆಂಡ್ತಿ ಎಲ್ಲಿ ಅದಾಳ್ರಿ?"

ನಾನು ಅದನ್ನು ಮರಾಠಿಗೆ ಮಾಡಿ ಹೇಳಿದೆ. ಬಾಪೂ ಹೊಟ್ಟೆ ಹಿಡಿದು ನಕ್ಕರು. ಕಾಗದವನ್ನು ನಮ್ಮ ಬಳಿಯೇ ಬಿಟ್ಟು ಹೋದರು. ನೀಲವ್ವ ಅದನ್ನು ರೊಟ್ಟಿ ಬುಟ್ಟಿಯ ಮೇಲೆ ಮುಚ್ಚಿದಳು. ಸಂಜೆಯ ಹೊತ್ತಿಗೆ ಹುಲ್ಲೆಲ್ಲ ಮುಗಿಯಿತು.

ಮರುದಿನ ಬೆಳಿಗ್ಗೆ ನೀರು ತುಂಬುವಾಗ ಅವಳು ನಲ್ಲಿಯ ಹತ್ತಿರವೇ ಕುಸಿದಳು. ಸಂಜೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಗುರುವಾರದ ಮದುವೆ ನಡೆಯಿತು. ಹುಲ್ಲು ಚೆನ್ನಾಗಿತ್ತಂತೆ.

ಇಷ್ಟನ್ನು ಹೇಳಿಬಿಟ್ಟರೆ ಮುಂದಿನದು ಹೇಳಲು ಸುಲಭ. ನಾನು ಹೇಳಬೇಕೆಂದಿರುವುದು ಮಷೀನಿನ ವಿಷಯ.

ಊರಲ್ಲಿರುವವರಿಗೆ ಲಾನ್ಸ್ ಎಂದರೆ ಏನೆಂದು ತಿಳಿಯುವುದಿಲ್ಲ. ಪುಣೆಯಲ್ಲಿ ಅದು ಮದುವೆ ಮಾಡುವ ಜಾಗ. ವಾಕಡದ ಆಚೆ ರಸ್ತೆಯ ಎರಡೂ ಬದಿಗೆ ಇಂಥವು ಸಾಲಾಗಿವೆ. ಒಂದು ದೊಡ್ಡ ಕಮಾನು, ಕಮಾನಿನ ಕೆಳಗೆ ಸೊಂಡಿಲೆತ್ತಿದ ಎರಡು ಫೈಬರ್ ಆನೆ, ಒಳಗೆ ಒಂದು ವೇದಿಕೆ, ಒಂದು ಅಡಿಗೆಯ ಶೆಡ್ಡು, ಉಳಿದದ್ದೆಲ್ಲ ಹುಲ್ಲು. ನಮ್ಮದು ಎರಡು ಎಕರೆಗೆ ಸ್ವಲ್ಪ ಕಡಿಮೆ. ಹಿಂದಿನ ಗೋಡೆಗೆ ಹೊಂದಿಕೊಂಡು ಎರಡು ಖೋಲಿ, ಅದೇ ನಮ್ಮ ಮನೆ. ಇಪ್ಪತ್ತಾರು ವರ್ಷದಿಂದ ಅಲ್ಲಿದ್ದೇವೆ. ಅಷ್ಟು ವರ್ಷದಲ್ಲಿ ನಾವು ನೋಡಿದಷ್ಟು ಮದುವೆ ಯಾವ ಪುರೋಹಿತನೂ ನೋಡಿರಲಿಕ್ಕಿಲ್ಲ. ಒಂದಕ್ಕೂ ನಮ್ಮನ್ನು ಕರೆದವರಿಲ್ಲ, ಒಂದರಲ್ಲೂ ನಾವು ಉಣ್ಣದೆ ಉಳಿದದ್ದಿಲ್ಲ.

ಬಂದ ಹೊಸತರಲ್ಲಿ ನೀಲವ್ವನಿಗೆ ಈ ಕೆಲಸದ ತಲೆಬುಡ ಅರ್ಥವಾಗಿರಲಿಲ್ಲ. ಚಿಕ್ಕಂದಿನಲ್ಲಿ ನಾವಿಬ್ಬರೂ ಹುಲ್ಲು ಕೊಯ್ದವರೇ. ನಾನಂತೂ ಶಾಲೆ ಬಿಟ್ಟ ಕೂಡಲೇ ಕುಡುಗೋಲು ಹಿಡಿದು ಬದುವಿಗೆ ಹೋಗಬೇಕು, ಒಂದು ಹೊರೆ ತರದೆ ಮನೆಯೊಳಗೆ ಕಾಲಿಟ್ಟರೆ ಅವ್ವ ಊಟಕ್ಕೆ ಬಡಿಸುತ್ತಿರಲಿಲ್ಲ. ಮೊದಲು ಎಮ್ಮೆಗೆ, ಆಮೇಲೆ ನನಗೆ. ಏಳನೆಯ ತರಗತಿಯಲ್ಲಿ ನಾನು ಓದು ಬಿಟ್ಟದ್ದಕ್ಕೆ ಎಮ್ಮೆಯೇ ಕಾರಣ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೆ. ಗಣಿತ ಕಾರಣ ಎಂದು ನೀಲವ್ವನಿಗೆ ಮಾತ್ರ ಗೊತ್ತಿತ್ತು. ಹೀಗೆ, ಹುಲ್ಲು ಎಂದರೆ ನಮಗೆ ಯಾರಾದರೂ ತಿನ್ನುವ ವಸ್ತು. ಇಲ್ಲಿ ನೋಡಿದರೆ ನೀರು ಹಾಕಿ, ಗೊಬ್ಬರ ಹಾಕಿ ಬೆಳೆಸಬೇಕು, ಬೆಳೆದ ಕೂಡಲೇ ಕೊಯ್ದು ಎಸೆಯಬೇಕು, ಮತ್ತೆ ಬೆಳೆಸಬೇಕು. ಮೊದಲ ವಾರ ಅವಳು ಆಗ ಮಾಲಕರಾಗಿದ್ದ ಬಾಪೂ ಅವರ ತಂದೆಯನ್ನು ನನ್ನ ಮೂಲಕ ಕೇಳಿದ್ದಳು, ಇದನ್ನು ತಿನ್ನುವವರು ಯಾರು ಎಂದು. ಯಾರೂ ಇಲ್ಲ ಎಂದರು ಅವರು. ಅವಳಿಗೆ ಅದು ಸೇರಲಿಲ್ಲ. ಎರಡೇ ತಿಂಗಳಲ್ಲಿ ಹತ್ತಿರದ ಗೌಳಿಯೊಬ್ಬನನ್ನು ಹುಡುಕಿ ಕೊಯ್ದ ಹುಲ್ಲು ಅವನಿಗೆ ಹೋಗುವಂತೆ ಮಾಡಿದಳು. ಅಂದಿನಿಂದ ನಮ್ಮ ಮನೆಗೆ ಮಜ್ಜಿಗೆ ತಪ್ಪಲಿಲ್ಲ. ಯಾರದೋ ಮದುವೆಯ ಹುಲ್ಲು ಮಜ್ಜಿಗೆಯಾಗಿ ಬರುತ್ತದೆ ಎಂದು ಅವಳಿಗೆ ಸಮಾಧಾನ.

ಹಗ್ಗ ನನ್ನ ಪಾಲಿಗೆ ಬಂದದ್ದು ಹೇಗೆಂದು ಹೇಳಲೇಬೇಕು. ನೋಡಿದವರು ಬಹಳ ಮಂದಿ, ಹೆಂಡತಿ ಹಿಂದೆ ಗಂಡ ಮುಂದೆ ಎತ್ತಿನ ಹಾಗೆ, ಎಂದು ನಕ್ಕಿದ್ದಾರೆ. ಮೊದಲ ದಿನ ಹಿಡಿಕೆ ಹಿಡಿದವನು ನಾನೇ. ಗಂಡಸು, ಹಿಂದೆ ನಿಂತು ನಡೆಸಬೇಕು ಎಂಬ ಠೀವಿ. ಆದರೆ ನನಗೆ ನಡೆಯುತ್ತ ನಡೆಯುತ್ತ ಬೇರೆ ಏನಾದರೂ ನೆನಪಾಗುವ ಚಟ. ಏನೋ ನೆನಪಾಗುವುದು, ಮಷೀನು ಒಂದು ಕಡೆ ವಾಲುವುದು. ಸಂಜೆ ಬಾಪೂ ಅವರ ತಂದೆ ಬಂದು ನೋಡಿ, ಈ ದಾರಿಯಲ್ಲಿ ಹಾವು ಹೋಯಿತೇನು ಎಂದು ಕೇಳಿದರು. ಮರುದಿನ ನೀಲವ್ವ ಹಗ್ಗವನ್ನು ನನ್ನ ಕೊರಳಿಗೆ ಹಾಕಿದಳು. ಮದುವೆಯಲ್ಲಿ ನಾನು ಅವಳಿಗೆ ತಾಳಿ ಕಟ್ಟಿದಾಗಲೂ ಇಷ್ಟು ಗಂಭೀರವಾಗಿರಲಿಲ್ಲ. ಅವಳ ಸಾಲು ನೂಲು ಹಿಡಿದಂತೆ ನೇರ ಹೋಯಿತು. ಅಂದಿನಿಂದ ನಡೆಸುವುದು ಅವಳು, ನಡೆಯುವುದು ನಾನು. ನೆನಪು ಬರುವವನಿಗೆ ಹಗ್ಗವೇ ಸರಿಯಾದ ಕೆಲಸ. ಎಲ್ಲಿಗೆ ಹೋಗಬೇಕೆಂಬ ಚಿಂತೆಯಿಲ್ಲ.

ಕೊಯ್ಯುವ ಮೊದಲು ಇನ್ನೊಂದು ಕೆಲಸವಿರುತ್ತದೆ. ಮದುವೆ ಮುಗಿದ ಹುಲ್ಲಿನಲ್ಲಿ ಏನೆಲ್ಲ ಬಿದ್ದಿರುತ್ತದೆ ಎಂದು ನಿಮಗೆ ಗೊತ್ತಿಲ್ಲ. ಪಿನ್ನು, ಕೂದಲ ಕ್ಲಿಪ್ಪು, ಕಾಲುಂಗುರ, ಚಮಚ. ಬ್ಲೇಡಿಗೆ ಸಿಕ್ಕರೆ ಬ್ಲೇಡು ಹಾಳು. ಕಣ್ಣಿಗೆ ಇವು ಕಾಣುವುದಿಲ್ಲ. ಚಪ್ಪಲಿ ಬಿಟ್ಟು, ಪಕ್ಕಪಕ್ಕದಲ್ಲಿ, ಒಂದು ಹೆಜ್ಜೆಯ ಪಕ್ಕ ಇನ್ನೊಂದು ಹೆಜ್ಜೆ ಬೀಳುವಂತೆ ಇಡೀ ಹುಲ್ಲಿನ ಮೇಲೆ ನಡೆಯಬೇಕು. ಕಾಲಿನಿಂದಲೇ ನೋಡಬೇಕು. ನೀಲವ್ವನ ಕಾಲಿಗೆ ಒಮ್ಮೆ ಒಂದು ಹಲ್ಲಿನ ಸೆಟ್ಟು ಸಿಕ್ಕಿತು, ಮೇಲಿನದು. ವರನ ಅಜ್ಜನದು. ಅವರು ಧನಕವಡಿಯಿಂದ ಎರಡು ಬಸ್ಸು ಬದಲಿಸಿ ಓಡಿ ಬಂದರು. ಅವಳು ತೊಳೆದು, ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟಳು. ಅಜ್ಜ ಅಲ್ಲೇ ಹಾಕಿಕೊಂಡು ನಕ್ಕು ತೋರಿಸಿದರು.

ಅವಳು ಹೋದ ಮೇಲೆ ಮಳೆಗಾಲ ಬಂತು. ಹುಲ್ಲಿಗೆ ಯಾರ ಸಾವಿನ ಸೂತಕವೂ ಇಲ್ಲ, ಮೊಳಕಾಲಿಗೆ ಬಂತು. ಬಾಪೂ ಪಾಪ, ಹೆಗಲಿಗೆ ನೇತುಹಾಕಿಕೊಳ್ಳುವ ಮಷೀನಿನವನೊಬ್ಬನನ್ನು ಕರೆಸಿ ಕೊಯ್ಯಿಸಿದರು. ಅರ್ಧ ಕ್ಷೌರ ಮಾಡಿಸಿಕೊಂಡು ಎದ್ದು ಬಂದವನ ತಲೆಯಂತೆ ಕಂಡಿತು. ತುಳಸಿ ಲಗ್ನ ಮುಗಿದ ಕೂಡಲೇ ಇಲ್ಲಿ ಮದುವೆಗಳು ಶುರುವಾಗುತ್ತವೆ. ಅದಕ್ಕೆ ತಿಂಗಳಿರುವಾಗ ಬಾಪೂ ನನ್ನ ಖೋಲಿಗೆ ಬಂದು ಕೂತರು. ಹಳೆಯ ಮಷೀನಿಗೆ ಜೋಡಿಯಾಗಿ ಒಬ್ಬನನ್ನು ಇಡುತ್ತೇನೆ, ಇಲ್ಲವೇ ಆ ಕೂತು ಓಡಿಸುವುದನ್ನು ತರುತ್ತೇನೆ, ನೀನು ಹೇಳಿದಂತೆ, ಎಂದರು. ಎರಡೂ ಆಗದಿದ್ದರೆ ಏನೆಂದು ಅವರು ಹೇಳಲಿಲ್ಲ. ಹುಲ್ಲು ಕೊಯ್ಯದವನಿಗೆ ಹುಲ್ಲಿನ ಪಕ್ಕದ ಖೋಲಿ ಏಕೆ?

ಅದನ್ನು ನನ್ನ ಮಗಳು ಶೈಲಾ ಬಾಯಿಬಿಟ್ಟೇ ಹೇಳಿದಳು. ಅವಳ ಮನೆ ಪುಣೆಯ ಕೋಥರೂಡದಲ್ಲಿ, ನಾಲ್ಕನೆಯ ಮಜಲು. ಬಾಲವಾಡಿಯಲ್ಲಿ ಕಲಿಸುತ್ತಾಳೆ, ಹಾಗಾಗಿ ನನ್ನ ಜೊತೆಯಲ್ಲೂ ಸ್ವಲ್ಪ ಬಿಡಿಸಿ ಬಿಡಿಸಿ ಮಾತಾಡುತ್ತಾಳೆ.

"ಅಪ್ಪಾ, ನನ್ನ ಮನಿಗೆ ಬಾ. ಗ್ಯಾಲರಿಯೊಳಗ ಎರಡು ಹೂವಿನ ಕುಂಡ ಇಟ್ಟೀನಿ, ಅದನ್ನ ನೋಡ್ಕೊ."

ಎರಡು ಎಕರೆಯಿಂದ ಎರಡು ಕುಂಡಕ್ಕೆ ಬಡ್ತಿ. ನಾನು ನಕ್ಕೆ. ಅವಳು ನಗಲಿಲ್ಲ. ಆ ಖೋಲಿಯ ಗೋಡೆಗೆ ನೀಲವ್ವ ಹೊಡೆದ ಮೊಳೆಗಳಿವೆ, ಅವಳು ನೆಟ್ಟ ಕರಿಬೇವು ಇದೆ. ಅಲ್ಲಿಂದ ಎದ್ದುಬಂದರೆ ಅವಳನ್ನು ಎರಡನೆಯ ಸಲ ಕಳುಹಿಸಿದಂತೆ ಎಂದು ನನಗೆ ಅನ್ನಿಸಿತ್ತು. ಇದನ್ನು ಮಗಳಿಗೆ ಹೇಳಲು ಬರಲಿಲ್ಲ. ಒಂದು ತಿಂಗಳು ನೋಡೋಣ ಎಂದೆ.

ಮೊದಲು ಹಳೆಯ ಮಷೀನನ್ನೇ ಪರೀಕ್ಷೆ ಮಾಡಿದೆವು. ಜೋಡಿಯಾಗಿ ಬಂದವನು ರಾಚಪ್ಪ. ನಮ್ಮ ಲಾನ್ಸಿನ ಅಡಿಗೆಯವನು, ಗೋಕಾಕದ ಕಡೆಯವನು, ನನಗೆ ಪುಣೆಯಲ್ಲಿರುವ ಒಬ್ಬನೇ ಗೆಳೆಯ. ಸಾವಿರ ಮಂದಿಗೆ ಸಾರು ತಿರುವಿದ ಕೈ ತನ್ನದು, ಈ ಹಿಡಿಕೆ ಏನು ಮಹಾ ಎಂದು ಹಿಡಿದ. ನಾನು ಹಗ್ಗ ಹಾಕಿಕೊಂಡು ಹತ್ತು ಹೆಜ್ಜೆ ಎಳೆದೆ. ಅವನ ಕೈ ಅಭ್ಯಾಸದಂತೆ ತಿರುವಿತು. ಮಷೀನು ದೊಡ್ಡ ಪಾತೇಲಿಯೊಳಗಿನ ಸೌಟಿನ ಹಾಗೆ ಒಂದು ಸುತ್ತು ಹಾಕಿ ಮೊದಲಿದ್ದಲ್ಲಿಗೇ ಬಂದು ನಿಂತಿತು. ಹುಲ್ಲಿನಲ್ಲಿ ಒಂದು ಗುಂಡನೆಯ ಬೋಳು.

"ತಪ್ಪು ನಿಂದಽ, ಈರಪ್ಪಣ್ಣ. ನೀ ಎಳಿಯೂದು ನೋಡಿದ್ರ ನಮ್ಮ ಮನಿ ಎಮ್ಮಿ ನೆನಪಾಗತದ. ಅದೂ ಹಿಂಗಽ, ಹಗ್ಗ ಕಟ್ಟಿದ್ರ ನಿದ್ದಿ."

ಮತ್ತೆ ಎರಡು ಸಾಲು ನೋಡಿದೆವು. ಸ್ವಲ್ಪ ನೇರವೂ ಹೋಯಿತು. ಸಾಲಿನ ಕೊನೆಗೆ ಬಂದಾಗ ರಾಚಪ್ಪ ಹಿಂದಿನಿಂದ, ಅವಳು ಎನ್ನುತ್ತಿದ್ದಂತೆಯೇ, "ಹೊಳ್ಳು" ಎಂದ. ನಾನು ಹಗ್ಗ ತೆಗೆದು ಕೆಳಗಿಟ್ಟೆ. ಕಾಲು ನೋಯುತ್ತದೆ ಎಂದೆ. ರಾಚಪ್ಪ ಮಷೀನನ್ನು ತಾನೇ ತಳ್ಳಿಕೊಂಡು ಹೋಗಿ ಶೆಡ್ಡಿನಲ್ಲಿ ನಿಲ್ಲಿಸಿ, ಚಹಾಕ್ಕೆ ಇಟ್ಟ. ನನ್ನ ಬೆನ್ನ ಹಿಂದೆ ಬೇರೆ ಯಾರ ದನಿಯೂ ನನಗೆ ಬೇಡವಾಗಿತ್ತು. ಎಷ್ಟು ಒಳ್ಳೆಯವನದಾದರೂ.

ಉಳಿದದ್ದು ಕೂತು ಓಡಿಸುವುದು. ಒಂದು ಸೋಮವಾರ ಅದು ಟೆಂಪೋದಲ್ಲಿ ಬಂದಿಳಿಯಿತು. ಕಾಗದದಲ್ಲಿ ಕಂಡಷ್ಟೇ ಕೆಂಪಗಿತ್ತು. ಟೋಪಿಯವನು ಮಾತ್ರ ಬಂದಿರಲಿಲ್ಲ. ಕಂಪನಿಯ ಕಡೆಯಿಂದ ಅದನ್ನು ತೋರಿಸಲು ಬಂದವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು, ರಮ್ಯಾ ಎಂದು ಹೆಸರು. ಅರ್ಧ ಗಂಟೆ ಅವಳು ಹಿಂದಿಯಲ್ಲಿ ಹೇಳಿದಳು, ನಾನು ಮರಾಠಿಯಲ್ಲಿ ಕೇಳಿದೆ. ಆಮೇಲೆ ನಾನು ರಾಚಪ್ಪನಿಗೆ ಏನೋ ಅಂದದ್ದು ಅವಳ ಕಿವಿಗೆ ಬಿತ್ತು.

"ಅಯ್ಯೋ, ನೀವು ಕನ್ನಡದವ್ರಾ ಸರ್? ಮೊದ್ಲೇ ಹೇಳ್ಬಾರ್ದಾ? ನಾನು ಹಾಸನದವಳು."

ಅಲ್ಲಿಂದ ಮುಂದೆ ಎಲ್ಲವೂ ಕನ್ನಡದಲ್ಲೇ ನಡೆಯಿತು, ಅಂದರೆ ಅವಳ ಕಡೆಯಿಂದ ಅರ್ಧ ಇಂಗ್ಲಿಷಿನಲ್ಲಿ. ಸ್ಟೇರಿಂಗು ಎಷ್ಟು ಹಗುರ ಎಂದರೆ ಒಂದು ಬೆರಳು ಸಾಕಂತೆ. ಬ್ಲೇಡು ಇಳಿಸಲು ಒಂದು ಹಿಡಿಕೆ, ವೇಗಕ್ಕೆ ಒಂದು ಪೆಡಲು. ನನ್ನನ್ನು ಕೂರಿಸಿದಳು. ಸೀಟು ಮೆತ್ತಗಿತ್ತು. ಜೀವಮಾನದಲ್ಲಿ ಸೈಕಲ್ಲನ್ನು ಬಿಟ್ಟು ಬೇರೇನನ್ನೂ ನಡೆಸಿದವನಲ್ಲ ನಾನು. ಅದರಲ್ಲೂ ನೀಲವ್ವ ಹಿಂದೆ ಕೂತು, ಬಸ್ಸು ಬಂತು, ಹಳ್ಳ ಬಂತು ಎಂದು ಹೇಳಿದಂತೆ ನಡೆಸಿದವನು.

ಮಷೀನು ಹೊರಟಿತು. ಮೊದಲ ಸಾಲು ನೇರವಾಗಿಯೇ ಹೋಯಿತು. ಕೊನೆ ಬಂತು. ನಾನು ಕಾದೆ. ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಸೀಟಿನಿಂದ ಅರ್ಧ ಎದ್ದು ಹಿಂದಕ್ಕೆ ನೋಡಿದೆ. ಎಂಜಿನ್ನು ನಿಂತುಹೋಯಿತು. ರಮ್ಯಾ ಓಡಿ ಬಂದು ಮತ್ತೆ ಶುರು ಮಾಡಿದಳು. ಮುಂದಿನ ಸಾಲಿನ ಕೊನೆಯಲ್ಲೂ ಹಾಗೆಯೇ ಆಯಿತು. ಮೂರನೆಯ ಸಲವೂ. ಪಾಪ, ಹೊಸ ಮಷೀನು ಹೀಗೆ ಮಾನ ಕಳೆಯುತ್ತಿದೆಯಲ್ಲ ಎಂದು ಅವಳ ಮುಖ ಚಿಕ್ಕದಾಗಿತ್ತು. ಬಗ್ಗಿ ಎಲ್ಲ ತಂತಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಸರ್, ನೀವು ಎದ್ದೇಳ್ತಿದೀರಾ? ಸೀಟಿಂದ ಎದ್ರೆ ತಾನೇ ಆಫ್ ಆಗುತ್ತೆ, ಸೇಫ್ಟಿಗೆ. ಯಾಕ್ ಸರ್ ಹಿಂದೆ ನೋಡ್ತೀರಾ? ಹಿಂದೆ ಯಾರೂ ಇಲ್ಲ."

ಅವಳಿಗೇನು ಗೊತ್ತು. ಸರಿಯಾದ ಮಾತನ್ನೇ ಹೇಳಿದಳು. ರಾಚಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದ್ದ.

ಇನ್ನು ಏಳುವುದಿಲ್ಲ ಎಂದು ನಿರ್ಧಾರ ಮಾಡಿ ಕೂತೆ. ಗಟ್ಟಿಯಾಗಿಯೇ ಕೂತೆ. ಈ ಸಲ ಸಾಲು ಕಮಾನಿನ ಕಡೆಗಿತ್ತು. ಕೊನೆ ಬಂತು. ಏಳಲಿಲ್ಲ. ಹಿಂದೆ ನೋಡಲಿಲ್ಲ. ತಿರುಗಲೂ ಇಲ್ಲ. ಇಪ್ಪತ್ತಾರು ವರ್ಷ ಹೇಳದೆ ತಿರುಗಿದವನಲ್ಲ ನಾನು. ಹುಲ್ಲು ಮುಗಿಯಿತು, ಫರಸಿಕಲ್ಲಿನ ದಾರಿ ಬಂತು, ಎಡಗಡೆಯ ಆನೆ ಬಂತು. ರಮ್ಯಾ ಕೂಗುತ್ತಿದ್ದಳಂತೆ. ಫೈಬರಿನ ಆನೆ ನೋಡಲು ದೊಡ್ಡದು, ಒಳಗೆ ಟೊಳ್ಳು. ಒಮ್ಮೆ ಅಲ್ಲಾಡಿ, ಯೋಚನೆ ಮಾಡಿದಂತೆ ಮಾಡಿ, ಮೆಲ್ಲಗೆ ಮಗ್ಗುಲಿಗೆ ಮಲಗಿತು. ಸೊಂಡಿಲು ಇನ್ನೂ ಬರುವವರಿಗೆ ಸ್ವಾಗತ ಕೋರುತ್ತಲೇ ಇತ್ತು.

ಗಾಬರಿಯಲ್ಲಿ ನಾನು ಎದ್ದೆ. ಎಂಜಿನ್ನು ನಿಂತಿತು. ಎಲ್ಲ ಕಡೆ ಸದ್ದಡಗಿತು. ಆ ಸುಮ್ಮನಿದ್ದ ಹೊತ್ತಿನಲ್ಲಿ ರಾಚಪ್ಪನ ದನಿ ದೂರದಿಂದ ಬಂತು.

"ಇರ್ಲಿ ಬಿಡ್ರಿ, ಎಬ್ಬಸಬ್ಯಾಡ್ರಿ. ಅದಕ್ಕೂ ನಿಂತು ನಿಂತು ಸಾಕಾಗಿತ್ತು."

ನನಗೆ ನಗೆ ಬಂತು. ಅವಳು ಹೋದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು. ಮಷೀನಿನ ಮೇಲೆ ಕೈಯಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ರಮ್ಯಾ ಮೊದಲು ಹೆದರಿದಳು, ಆಮೇಲೆ ಅವಳೂ ನಕ್ಕಳು. ನಾವು ಮೂವರೂ ಸೇರಿ ಆನೆಯನ್ನು ಎತ್ತಿ ನಿಲ್ಲಿಸಿದೆವು. ಒಂದು ದಂತ ಸ್ವಲ್ಪ ಮುಕ್ಕಾಗಿತ್ತು. ಬಾಪೂ ಅವರಿಗೆ ಹೇಳಿದೆ. ಗಾಳಿ ಬಂದರೂ ಬೀಳುತ್ತಿತ್ತು ಬಿಡು ಎಂದರು.

ರಮ್ಯಾ ಮಷೀನನ್ನು ಟೆಂಪೋಗೆ ಏರಿಸಲು ಹೊರಟಿದ್ದಳು. ವ್ಯಾಪಾರ ಕುದುರಲಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಇನ್ನೊಂದು ಸಲ ನೋಡುತ್ತೇನೆ ಎಂದೆ. ಏಕೆ ಹಾಗೆಂದೆನೋ. ಪುನಃ ಕೂತೆ, ಹೊರಟೆ. ಸಾಲಿನ ಕೊನೆ ಬಂದಾಗ ಯಾರೂ ಹೇಳುವುದಿಲ್ಲ ಎಂದು ಈಗ ಗೊತ್ತಿತ್ತಲ್ಲ, ನಾನೇ ಬಾಯಿಬಿಟ್ಟು "ಹೊಳ್ರಿ" ಎಂದೆ. ನನ್ನ ಕೈ ನನ್ನ ಮಾತು ಕೇಳಿತು. ಮಷೀನು ತಿರುಗಿತು. ಮುಂದಿನ ಸಾಲಿಗೂ ಹಾಗೆಯೇ ಹೇಳಿಕೊಂಡೆ. ನನಗೆ ನಾನೇ ಬಹುವಚನ ಹಚ್ಚಿಕೊಂಡದ್ದಕ್ಕೆ ಸ್ವಲ್ಪ ನಾಚಿಕೆಯಾಯಿತು, ಆದರೆ ಅದನ್ನು ಬಿಟ್ಟು ಹೇಳಿದರೆ ಕೈ ಕೇಳಲಿಲ್ಲ. ಆರು ಸಾಲು ಮುಗಿಸಿ ನಿಲ್ಲಿಸಿದಾಗ ರಮ್ಯಾ ಕೇಳಿದಳು, ಯಾರಿಗೆ ಹೇಳ್ತಿದ್ರಿ ಸರ್ ಎಂದು.

"ನನಗಽ," ಎಂದೆ. "ಹೇಳದಿದ್ರ ನಾ ಹೊಳ್ಳೂದಿಲ್ಲ."

ಬಾಪೂ ಅವರಿಗೆ, ಇದನ್ನೇ ತೆಗೆದುಕೊಳ್ಳಿ ಎಂದು ಹೇಳಿದೆ. ಅವರಿಗೆ ಆಶ್ಚರ್ಯ. ಆನೆ ಕೆಡವಿದ ಮೇಲೂ ಬೇಕೆನ್ನುತ್ತಾನಲ್ಲ ಎಂದು. ಸೀಟು ಚೆನ್ನಾಗಿದೆ ಎಂದೆ. ಅದು ಸುಳ್ಳಲ್ಲ. ಆದರೆ ಅದರಲ್ಲಿ ಒಂದೇ ಸೀಟಿರುವುದು, ಹಿಂದೆ ಇನ್ನೊಬ್ಬರು ನಿಲ್ಲುವ ಜಾಗವೇ ಇಲ್ಲದಿರುವುದು, ಅದು ನನಗೆ ಸೇರಿತು ಎಂದು ಅವರಿಗೆ ಹೇಗೆ ಹೇಳಲಿ. ಬೇರೆಯವರನ್ನು ತಂದು ಆ ಜಾಗ ತುಂಬಬೇಕಿಲ್ಲ. ಖೋಲಿ ನನ್ನದಾಗಿಯೇ ಉಳಿಯಿತು. ಮಗಳಿಗೆ ಫೋನು ಮಾಡಿ, ಕುಂಡಕ್ಕೆ ನೀನೇ ನೀರು ಹಾಕು ಎಂದೆ. ಅವಳು ಹಟಮಾರಿ ಎಂದು ಬೈದು, ಆಮೇಲೆ ಟೋಪಿ ಹಾಕಿಕೊ ಬಿಸಿಲು ಬಹಳ ಎಂದಳು.

ತುಳಸಿ ಲಗ್ನದ ಮರುದಿನ ಮೊದಲ ಸಲ ಇಡೀ ಲಾನು ನಾನೊಬ್ಬನೇ ಕೊಯ್ದೆ. ಬೆಳಿಗ್ಗೆ ಬರಿಗಾಲಲ್ಲಿ ಒಂದು ಸುತ್ತು ನಡೆದು ನೋಡಿದೆ. ಒಬ್ಬನೇ ಆದ್ದರಿಂದ ಎರಡು ಪಟ್ಟು ಹೊತ್ತು ಹಿಡಿಯಿತು. ಮೂರು ಪಿನ್ನು, ಒಂದು ಗುಂಡಿ ಸಿಕ್ಕವು. ಕೊಯ್ಯುವ ಎರಡು ದಿನದ ಕೆಲಸ ಮಾತ್ರ ಎರಡು ತಾಸಿಗೆ ಮುಗಿಯಿತು. ಗೌಳಿಗೆ ಹುಲ್ಲು ಹೋಯಿತು. ಸಾಲುಗಳು ಅವಳದರಷ್ಟು ನೇರವಿಲ್ಲ, ಆದರೆ ಹಾವು ಹೋಯಿತೇನು ಎಂದು ಯಾರೂ ಕೇಳುವ ಹಾಗೂ ಇಲ್ಲ.

ಶೈಲಾ ಅಂದು ರಜೆ ಹಾಕಿ ಬಂದಿದ್ದಳು. ಅಪ್ಪ ಎಲ್ಲಿ ಗೋಡೆಗೆ ಹೋಗಿ ಗುದ್ದುತ್ತಾನೋ ಎಂದು ಕಾವಲಿಗೆ. ಮೊಬೈಲಿನಲ್ಲಿ ನನ್ನ ಫೋಟೋ ತೆಗೆದಳು. ಆಮೇಲೆ ಖೋಲಿಯ ಮುಂದಿನ ಕಟ್ಟೆಯ ಮೇಲೆ ಕೂತು ತೋರಿಸಿದಳು. ಕೆಲಸ ಮಾಡುವಾಗಿನ ನನ್ನ ಮುಖವನ್ನು ನಾನು ಮೊದಲ ಸಲ ನೋಡಿದೆ. ಬಾಯಿ ಅರ್ಧ ತೆರೆದಿದೆ, ಹುಬ್ಬು ಮೇಲೇರಿದೆ, ಯಾರೋ ಸಾಲ ಕೇಳಲು ಬಂದಾಗ ಇರುವಂತಹ ಮುಖ. ಇಬ್ಬರೂ ನಕ್ಕೆವು. ಆಗ ನಾನು ಕೇಳಿದೆ, ಹಿಡಿಕೆ ಹಿಡಿದಾಗ ನಿಮ್ಮವ್ವನ ಮುಖ ಹೇಗಿರುತ್ತಿತ್ತು ಎಂದು. ಶೈಲಾ ಯೋಚಿಸಿದಳು. ಚಿಕ್ಕವಳಿದ್ದಾಗ ಶಾಲೆಯಿಂದ ಬಂದು ಇದೇ ಕಟ್ಟೆಯ ಮೇಲೆ ಕೂತು ಎಷ್ಟು ಸಲ ನೋಡಿದ್ದಾಳೆ. ಮೊಬೈಲಿನಲ್ಲಿ ಹಿಂದೆ ಹಿಂದೆ ಹೋಗಿ ಹುಡುಕಿದಳು. ಅವ್ವ ಅಡಿಗೆ ಮಾಡುವುದು ಇತ್ತು, ಹಬ್ಬದಲ್ಲಿ ಸೀರೆ ಉಟ್ಟದ್ದು ಇತ್ತು. ಆಮೇಲೆ ಹೇಳಿದಳು:

"ನೆನಪಾಗವಲ್ದು ಅಪ್ಪಾ. ನಿನಗ ಗೊತ್ತಿರಬೇಕಲ್ಲ?"

ಇಷ್ಟು ವರ್ಷ ನಾನು ಮುಂದಿದ್ದೆ. ಹುಲ್ಲು ಕೊಯ್ಯುವಾಗ ನೀಲವ್ವನ ಮುಖ ಹೇಗಿರುತ್ತಿತ್ತು ಎಂದು ನಾನು ನೋಡಿಲ್ಲ.